ಕಿಲೋಮೀಟರ್ ನೋಡಬೇಡ, ವರ್ಷ ನೋಡು

ಪುಟ್ಟೀ,

ಅಜ್ಜ ಇನ್ನು ಕಾರು ಓಡಿಸುವುದಿಲ್ಲವೆಂದು ವ್ಯಾಗನ್ ಆರ್‌ನ ಕೀಲಿಯನ್ನು ನಿನ್ನ ಕೈಗೆ ಕೊಟ್ಟರಂತೆ. ಮಾರಿಬಿಡು ಎಂದವರ ಮಾತಿಗೆ ಬಗ್ಗದೆ ನೀನು ಇಟ್ಟುಕೊಂಡೆಯಲ್ಲ, ನನಗೆ ಬಹಳ ಸಂತೋಷವಾಯಿತು. ಆದರೆ ಮನೆಯವರೆಲ್ಲ ಸೇರಿ ನಿನಗೆ ಒಂದು ಧೈರ್ಯ ಹೇಳುತ್ತಿದ್ದಾರೆ: 2006ರ ಗಾಡಿಯಾದರೇನು, ಓಡಿದ್ದು ಐವತ್ತು ಸಾವಿರವೂ ಇಲ್ಲ, ಇಂಜಿನ್ ಹೊಸದರ ಹಾಗೇ ಇದೆ ಎಂದು. ಗ್ಯಾರೇಜಿನಲ್ಲೇ ತಲೆ ನೆರೆಸಿಕೊಂಡ ನಿನ್ನ ಮಾವ ಹೇಳುತ್ತಿದ್ದೇನೆ, ಆ ಧೈರ್ಯವನ್ನು ಪೂರ್ತಿ ನಂಬಬೇಡ. ಅದರಲ್ಲಿ ಅರ್ಧ ನಿಜ, ಅರ್ಧ ಅಪಾಯ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ನಿಜವಾದ ಅರ್ಧ ಮೊದಲು. ಆ ಬಾನೆಟ್ಟಿನ ಕೆಳಗಿರುವುದು 1061 ಸಿಸಿಯ, ನಾಲ್ಕು ಸಿಲಿಂಡರಿನ, ಹದಿನಾರು ವಾಲ್ವಿನ ಪೆಟ್ರೋಲ್ ಇಂಜಿನ್. ಟರ್ಬೊ ಇಲ್ಲ. ಪಿಸ್ಟನ್ ಕೆಳಗಿಳಿದಾಗ ಹೊರಗಿನ ಗಾಳಿ ತಾನಾಗಿ ಒಳಗೆ ಬರುತ್ತದೆ, ಅದನ್ನು ಯಾರೂ ಒತ್ತಿ ತುಂಬುವುದಿಲ್ಲ. ಹಾಗಾಗಿ ಸಿಲಿಂಡರಿನೊಳಗಿನ ಒತ್ತಡ ಹದವಾಗಿರುತ್ತದೆ. ಬೇರಿಂಗು, ರಿಂಗು, ಹೆಡ್ ಗ್ಯಾಸ್ಕೆಟ್ಟುಗಳಿಗೆ ಬೀಳುವ ಭಾರವೂ ಕಡಿಮೆ. ಕೆಂಪಗೆ ಕಾದ ಟರ್ಬೊ ಒಳಗೆ ಆಯಿಲ್ ಕರಿಕಲಾಗುವ ತಾಪತ್ರಯವಿಲ್ಲ. ಪೆಟ್ರೋಲು ವಾಲ್ವಿನ ಹಿಂದೆಯೇ ಚಿಮ್ಮುವುದರಿಂದ ಇನ್‌ಲೆಟ್ ವಾಲ್ವಿನ ಬೆನ್ನು ತೊಳೆದುಕೊಂಡೇ ಇರುತ್ತದೆ. ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಈಗಿನ ಕೆಲವು ಇಂಜಿನ್‌ಗಳಿಗೆ ಈ ಅನುಕೂಲವಿಲ್ಲ, ಅಲ್ಲಿ ವಾಲ್ವಿನ ಮೇಲೆ ಮಸಿ ಕಟ್ಟುತ್ತದೆ. ಆಯಿಲು, ನೀರು ಸರಿಯಾಗಿ ಕಂಡ ಇಂಥ ಇಂಜಿನ್ ಎರಡು ಲಕ್ಷ ಕಿಲೋಮೀಟರ್ ದಾಟಿದ ಮೇಲೂ ಬೋರ್ ಮಾಡಿಸದೆ ನಡೆಯುತ್ತಿರುವುದನ್ನು ನಾನು ಎಷ್ಟೋ ಕಂಡಿದ್ದೇನೆ. ನಿನ್ನ ಗಾಡಿಯ ಕಬ್ಬಿಣ, ಅಲ್ಯೂಮಿನಿಯಂಗಳ ಬಗ್ಗೆ ನನಗೆ ಚಿಂತೆಯಿಲ್ಲ.

ನನ್ನ ಚಿಂತೆಯೆಲ್ಲ ರಬ್ಬರಿನದು. ಲೋಹ ಸವೆಯುವುದು ಓಡಿದರೆ. ರಬ್ಬರು ನಿಂತರೂ ಮುಪ್ಪಾಗುತ್ತದೆ. ವರ್ಷಗಟ್ಟಲೆ ಅಟ್ಟದಲ್ಲಿಟ್ಟ ಕುಕ್ಕರಿನ ಗ್ಯಾಸ್ಕೆಟ್ ಒಂದು ದಿನವೂ ಒಲೆ ಕಾಣದಿದ್ದರೂ ಗಟ್ಟಿಯಾಗಿ ಬಿರುಕು ಬಿಡುತ್ತದಲ್ಲ, ಹಾಗೆ. ಒಂದು ಇಂಜಿನ್‌ನಲ್ಲಿ ರಬ್ಬರು ಎಲ್ಲೆಲ್ಲಿದೆ ಎಣಿಸು: ಟೈಮಿಂಗ್ ಬೆಲ್ಟ್, ಫ್ಯಾನ್ ಬೆಲ್ಟ್, ರೇಡಿಯೇಟರಿನ ಮೇಲಿನ ಕೆಳಗಿನ ಹೋಸ್ ಪೈಪು, ಹೀಟರಿನ ಪೈಪು, ಪೆಟ್ರೋಲ್ ಪೈಪು, ವ್ಯಾಕ್ಯೂಮ್ ಪೈಪುಗಳು, ಆಯಿಲ್ ಸೀಲುಗಳು, ವಾಲ್ವ್ ಸೀಲುಗಳು, ಇಂಜಿನ್ ಕೂತಿರುವ ಮೌಂಟಿಂಗುಗಳು, ರೇಡಿಯೇಟರ್ ಕ್ಯಾಪಿನ ವಾಷರು. ಇವಕ್ಕೆಲ್ಲ ಇಪ್ಪತ್ತು ವರ್ಷ. ಮೀಟರು ಏನೇ ತೋರಿಸಲಿ, ಇವು ಮುದಿಯಾಗಿವೆ. ಹಳೆಯ ಪೆಟ್ರೋಲ್ ಕಾರು ದಾರಿಯಲ್ಲಿ ಕೈಕೊಟ್ಟಿತು ಎಂದರೆ ಬಹಳ ಸಲ ಹರಿದದ್ದು, ಸೋರಿದ್ದು, ಕಿತ್ತುಹೋದದ್ದು ಒಂದು ರಬ್ಬರಿನ ತುಂಡು. ಇಂಜಿನ್ ಸಾಯುವುದು ಅದರ ಹಿಂದಿನಿಂದ.

ಟೈಮಿಂಗ್ ಬೆಲ್ಟಿನಿಂದ ಶುರುಮಾಡು. ವ್ಯಾಗನ್ ಆರ್‌ಗೆ ಚೈನ್ ಇದೆ, ಯೋಚನೆ ಬೇಡ ಎಂದು ಯಾರಾದರೂ ಹೇಳಬಹುದು. ಚೈನ್ ಇರುವುದು 2010ರಲ್ಲಿ ಬಂದ ಮೂರು ಸಿಲಿಂಡರಿನ, 998 ಸಿಸಿಯ ಇಂಜಿನ್‌ಗೆ. ನಿನ್ನದಕ್ಕೆ ಹಲ್ಲಿನ ರಬ್ಬರ್ ಬೆಲ್ಟು. ಕೆಳಗಿನ ಕ್ರ್ಯಾಂಕನ್ನೂ ಮೇಲಿನ ಕ್ಯಾಂ ಶಾಫ್ಟನ್ನೂ ತಾಳ ತಪ್ಪದಂತೆ ಹಿಡಿದಿರುವುದು ಅದೊಂದೇ. ಲಕ್ಷ ಕಿಲೋಮೀಟರಿಗೊಮ್ಮೆ ಬದಲಿಸಿ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಐವತ್ತು ಸಾವಿರ ಓಡಿದ ಗಾಡಿಗೆ ಅದು ಇನ್ನೂ ದೂರ ಎನಿಸುತ್ತದೆ, ಅಲ್ಲೇ ಮೋಸ. ಬೆಲ್ಟಿಗೆ ಐದಾರು ವರ್ಷವೇ ಆಯುಸ್ಸು ಎಂದು ನಾನು ಲೆಕ್ಕ ಹಿಡಿಯುತ್ತೇನೆ. ಅಜ್ಜನ ಫೈಲಿನಲ್ಲಿ ಬೆಲ್ಟ್ ಬದಲಿಸಿದ ಬಿಲ್ಲು ಹುಡುಕು. ಬಿಲ್ಲು ಸಿಗದಿದ್ದರೆ ಬದಲಿಸಿಲ್ಲ ಎಂದೇ ತಿಳಿ. ಬೆಲ್ಟು ತುಂಡಾಗುವ ಮುಂಚೆ ಸದ್ದಿಲ್ಲ, ಹೊಗೆಯಿಲ್ಲ, ದೀಪವಿಲ್ಲ. ಓಡುತ್ತಿದ್ದ ಇಂಜಿನ್ ಒಮ್ಮೆಲೇ ನಿಂತುಬಿಡುತ್ತದೆ. ಆಗುಂಬೆಯ ತಿರುವಿನಲ್ಲಿ ನಿಂತರೆ ಏನಾದೀತೆಂದು ಯೋಚಿಸು. ಅನೇಕ ಇಂಜಿನ್‌ಗಳಲ್ಲಿ ಆಗ ಪಿಸ್ಟನ್ನು ತೆರೆದಿದ್ದ ವಾಲ್ವಿಗೆ ಬಡಿದು ವಾಲ್ವು ಬಾಗುತ್ತದೆ, ಹೆಡ್ ಇಳಿಸಬೇಕಾಗುತ್ತದೆ. ಬೆಲ್ಟ್ ಹಾಕಿಸುವಾಗ ಟೆನ್ಷನರ್ ಬೇರಿಂಗನ್ನೂ ಅದರ ಹಿಂದೆ ಸಿಗುವ ಕ್ಯಾಂ, ಕ್ರ್ಯಾಂಕ್ ಆಯಿಲ್ ಸೀಲುಗಳನ್ನೂ ಹೊಸದು ಹಾಕಿಸು. ಬೆಲ್ಟಿನ ಮೇಲೆ ಆಯಿಲ್ ಸೋರಿದರೆ ಹೊಸ ಬೆಲ್ಟೂ ಬೇಗ ಕೊಳೆಯುತ್ತದೆ. ಕೂಲಿ ಹೇಗೂ ಒಂದೇ. ಈ ಕೆಲಸ ಆಗುವವರೆಗೆ ಕೊಪ್ಪದಿಂದ ಮಣಿಪಾಲಕ್ಕೆ ಗಾಡಿ ಇಳಿಸಬೇಡ. ಇದೊಂದು ಮಾತ್ರ ನೀನು ನಡೆಸಲೇಬೇಕು.

ಎರಡನೆಯದು ನೀರು. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ತಾನಾಗಿ ಕೆಡುವುದು ಅಪರೂಪ, ಅದನ್ನು ಕೊಲ್ಲುವುದು ಬಿಸಿ. ಒಂದು ಪೈಪು ಒಡೆದು, ಮುಳ್ಳು ಕೆಂಪಿಗೆ ಏರಿದ್ದನ್ನು ನೋಡದೆ ಇನ್ನೈದು ಕಿಲೋಮೀಟರ್ ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಆಮೇಲೆ ಹೆಡ್ಡನ್ನು ಲೇತಿಗೆ ಒಯ್ದು ಫೇಸಿಂಗ್ ಮಾಡಿಸುವ ಪಾಡು. ಇಂಜಿನ್ ತಣ್ಣಗಿದ್ದಾಗ ಪೈಪುಗಳನ್ನು ಬೆರಳಲ್ಲಿ ಒತ್ತಿ ನೋಡು. ಕಟ್ಟಿಗೆಯಂತೆ ಗಟ್ಟಿಯಾಗಿದ್ದರೂ ತಪ್ಪು, ಮೆತ್ತಗೆ ಉಬ್ಬಿದ್ದರೂ ತಪ್ಪು. ಎಲ್ಲ ಪೈಪನ್ನೂ, ಕ್ಲಿಪ್ಪನ್ನೂ, ರೇಡಿಯೇಟರ್ ಕ್ಯಾಪನ್ನೂ ಒಟ್ಟಿಗೆ ಬದಲಿಸು. ಕ್ಯಾಪು ಒಳಗಿನ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ, ಒತ್ತಡದಿಂದಲೇ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಅದರ ವಾಷರು ಸತ್ತರೆ ನೀರು ಬೇಗ ಕುದಿದು ಹೊರಗೆ ಹೋಗುತ್ತದೆ. ಜನ ರೇಡಿಯೇಟರನ್ನು ದೂರುತ್ತಾರೆ. ಬೋರ್‌ವೆಲ್ ನೀರು ಹಾಕಬೇಡ, ಒಳಗೆ ಉಪ್ಪು ಕಟ್ಟುತ್ತದೆ. ಕೂಲೆಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಬೆರೆಸಿ ಹಾಕಿಸು. ತಂಪಿಗಷ್ಟೇ ಅಲ್ಲ, ಅಲ್ಯೂಮಿನಿಯಂ ತುಕ್ಕಿಗೆ ತುತ್ತಾಗದಂತೆ ಕಾಯುವುದೂ ಅದರ ಕೆಲಸ, ಮತ್ತು ಆ ಗುಣ ಎರಡು ಮೂರು ವರ್ಷದಲ್ಲಿ ಮುಗಿದುಹೋಗುತ್ತದೆ.

ಇಲ್ಲೇ ಒಂದು ಮಾತು, ಇದರಲ್ಲಿ ನನಗೆ ನನ್ನ ಕಸುಬಿನವರ ಮೇಲೆಯೇ ಸಿಟ್ಟಿದೆ. ಗಾಡಿ ಬಿಸಿಯಾಗುತ್ತದೆ ಎಂದರೆ ಸಾಕು, ಥರ್ಮೋಸ್ಟ್ಯಾಟ್ ಕಿತ್ತು ಬಿಸಾಡುವವರಿದ್ದಾರೆ. ನಮ್ಮ ಊರಿನ ಸೆಕೆಗೆ ಅದು ಬೇಡ ಎನ್ನುತ್ತಾರೆ. ದಯವಿಟ್ಟು ಒಪ್ಪಬೇಡ. ಸುಮಾರು ಎಂಬತ್ತೈದು ಡಿಗ್ರಿ ಮುಟ್ಟುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಅದರ ಕೆಲಸ. ಅದಿಲ್ಲದಿದ್ದರೆ ಇಂಜಿನ್ ಕಾಯುವುದೇ ಇಲ್ಲ. ಇಂಜಿನ್ ತಣ್ಣಗಿದೆ ಎಂದುಕೊಂಡು ಕಂಪ್ಯೂಟರು ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ, ಆ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿಯುತ್ತದೆ, ರಿಂಗು ಬೋರುಗಳು ಸವೆಯುತ್ತವೆ. ಬಿಸಿಗೆ ಕಾರಣ ಬೇರೆಲ್ಲೋ ಇರುತ್ತದೆ: ಫ್ಯಾನಿನ ರಿಲೇ, ಫ್ಯಾನ್ ಸ್ವಿಚ್, ಕಟ್ಟಿಕೊಂಡ ರೇಡಿಯೇಟರು. ಮೆಕ್ಯಾನಿಕ್ಕು ಅದನ್ನು ಹುಡುಕಬೇಕು.

ದಾರಿಯಲ್ಲಿ ಮುಳ್ಳು ಮೇಲೇರಿದರೆ ಏಸಿ ಆರಿಸು, ಹೀಟರನ್ನು ಪೂರ್ತಿ ತಿರುಗಿಸಿ ಬ್ಲೋವರ್ ಜೋರಾಗಿ ಹಾಕು. ಒಳಗೆ ಬೆಂದುಹೋಗುತ್ತೀ, ಆದರೆ ಇಂಜಿನ್ನಿನ ಬಿಸಿ ಅಷ್ಟು ಹೊರಗೆ ಬರುತ್ತದೆ. ಜಾಗ ಸಿಕ್ಕ ಕೂಡಲೇ ಬದಿಗೆ ನಿಲ್ಲಿಸು. ರೇಡಿಯೇಟರಿನ ಮುಚ್ಚಳ ತೆಗೆಯಬೇಡ, ಮುಖ ಸುಡುತ್ತದೆ. ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಲು ಯಾರನ್ನೂ ಬಿಡಬೇಡ. ನಮ್ಮ ಸೀಮೆಯಲ್ಲಿ ಹೀಟರನ್ನು ಯಾರೂ ಮುಟ್ಟುವುದಿಲ್ಲ. ಹಾಗಾಗಿ ಬೇಕಾದ ದಿನ ಅದರ ವಾಲ್ವು ಹಿಡಿದುಕೊಂಡಿರುತ್ತದೆ. ತಿಂಗಳಿಗೊಮ್ಮೆ ಸುಮ್ಮನೆ ತಿರುಗಿಸಿ ನೋಡು.

ಆಯಿಲಿನ ವಿಷಯಕ್ಕೆ ಬರುತ್ತೇನೆ. ಐದು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸು. ಕಡಿಮೆ ಓಡಿದ ಗಾಡಿಗೆ ಆಯಿಲು ಕಡಿಮೆ ಕೆಡುತ್ತದೆ ಎಂಬುದು ಸುಳ್ಳು. ಅಜ್ಜನ ಓಡಾಟವೆಲ್ಲ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ. ಇಂಜಿನ್ ಪೂರ್ತಿ ಕಾಯುವ ಮೊದಲೇ ನಿಂತರೆ ಒಳಗೆ ಹುಟ್ಟಿದ ನೀರಿನ ಪಸೆ, ಸುಡದ ಪೆಟ್ರೋಲು ಆಯಿಲಿಗೆ ಸೇರುತ್ತದೆ, ಆವಿಯಾಗಿ ಹೋಗುವುದಿಲ್ಲ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡು, ಅದರ ಒಳಗೆ ಕೆನೆ ಬಣ್ಣದ ಜಿಡ್ಡು ಕಂಡರೆ ಅದು ಈ ಪಸೆ. ಗಾಬರಿಯಾಗಬೇಡ, ಮುಕ್ಕಾಲು ಗಂಟೆ ಚೆನ್ನಾಗಿ ಓಡಿಸಿದರೆ ಹೋಗುತ್ತದೆ. ಆದರೆ ಡಿಪ್‌ಸ್ಟಿಕ್ಕಿನಲ್ಲೇ ಆ ಬಣ್ಣ ಬಂದು, ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ ಎಂದು ಅರ್ಥ. ಆಗ ಗಾಡಿ ಸ್ಟಾರ್ಟ್ ಮಾಡಲೇಬೇಡ.

ಇಂಜಿನ್ ಫ್ಲಷ್ ಮಾಡಿಸಿ, ಒಳಗೆಲ್ಲ ತೊಳೆದುಹೋಗುತ್ತದೆ ಎನ್ನುವವರಿದ್ದಾರೆ. ವರ್ಷಗಳಿಂದ ಗೋಡೆಗೆ ಅಂಟಿ ಸುಮ್ಮನಿದ್ದ ಗಸಿಯನ್ನು ಒಮ್ಮೆಲೇ ಎಬ್ಬಿಸಿದರೆ ಅದು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರಬಹುದು. ಅದರ ಬದಲು ಒಳ್ಳೆಯ ಆಯಿಲು, ಹೊಸ ಫಿಲ್ಟರು ಹಾಕಿ ಸಾವಿರ ಕಿಲೋಮೀಟರಿಗೇ ಇನ್ನೊಮ್ಮೆ ಬದಲಿಸು. ನಿಧಾನವಾಗಿ ತಾನೇ ತೊಳೆದುಕೊಳ್ಳುತ್ತದೆ. ಇನ್ನು ಡ್ಯಾಶ್‌ಬೋರ್ಡಿನಲ್ಲಿ ಎರಡು ದೀಪಗಳ ವ್ಯತ್ಯಾಸ ಗೊತ್ತಿರಲಿ. ಇಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಊರು ಮುಟ್ಟಿ ತೋರಿಸಬಹುದು. ಎಣ್ಣೆಗಿಂಡಿ ಚಿತ್ರದ ಕೆಂಪು ದೀಪ ಹತ್ತಿದರೆ ಅಲ್ಲೇ, ಆ ಕ್ಷಣವೇ ಇಂಜಿನ್ ಆರಿಸಬೇಕು. ಮುಂದಿನ ಪೆಟ್ರೋಲ್ ಬಂಕಿನವರೆಗೆ ಎಂದರೂ ಬೇರಿಂಗು ಉಳಿಯುವುದಿಲ್ಲ.

ನಿನ್ನ ದಾರಿಯಲ್ಲೇ ಇಂಜಿನ್‌ಗೆ ಒಂದು ಪರೀಕ್ಷೆ ಇದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವು. ಎರಡನೇ ಗೇರಿನಲ್ಲೇ, ಆಕ್ಸಿಲರೇಟರ್ ಬಿಟ್ಟು ಇಳಿ. ನ್ಯೂಟ್ರಲ್ಲಿಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದನ್ನು ನಂಬಬೇಡ. ಗೇರಿನಲ್ಲಿ ಇಳಿಯುವಾಗ ನಿನ್ನ ಇಂಜಿನ್‌ನ ಕಂಪ್ಯೂಟರು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ, ನ್ಯೂಟ್ರಲ್ಲಿನಲ್ಲಿ ಹಾಗಲ್ಲ. ಬ್ರೇಕೂ ಕಾಯುವುದಿಲ್ಲ. ಹೀಗೆ ಇಳಿಯುವಾಗ ಸಿಲಿಂಡರಿನೊಳಗೆ ಎಳೆತ ಜೋರಾಗಿರುತ್ತದೆ. ವಾಲ್ವ್ ಸೀಲು ಗಟ್ಟಿಯಾಗಿದ್ದರೆ ಆಯಿಲು ಆ ಎಳೆತಕ್ಕೆ ಒಳಗಿಳಿಯುತ್ತದೆ. ಕೆಳಗೆ ಸಮತಟ್ಟಾದ ರಸ್ತೆ ಬಂದಾಗ ಆಕ್ಸಿಲರೇಟರ್ ಒತ್ತಿ ಕನ್ನಡಿ ನೋಡು. ನೀಲಿ ಹೊಗೆ ಒಮ್ಮೆ ಬುಸ್ಸೆಂದು ಬಂದು ನಿಂತರೆ ಸೀಲಿನ ತೊಂದರೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಮಾತ್ರ ಹೊಗೆ ಬಂದರೂ ಅದೇ. ಅದಕ್ಕೆ ಇಂಜಿನ್ ಇಳಿಸಬೇಕಿಲ್ಲ. ಘಾಟಿ ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ ಬಿಡುತ್ತಿದ್ದರೆ ಆಗ ರಿಂಗಿನ ಮೇಲೆ ಅನುಮಾನ ಪಡು. ಕಪ್ಪು ಹೊಗೆ ಪೆಟ್ರೋಲ್ ಜಾಸ್ತಿಯಾದದ್ದು. ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲೆಂಟು ಸುಡುತ್ತಿದೆ.

ಯಾರಾದರೂ "ಇಂಜಿನ್ ಇಳಿಸಬೇಕು ಮೇಡಂ" ಎಂದರೆ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿ ತೋರಿಸಿ ಎನ್ನು. ನಾಲ್ಕು ಪ್ಲಗ್ಗೂ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಗೇಜ್ ಹಿಡಿಯುವ ಸಣ್ಣ ಕೆಲಸ ಅದು. ಅಂಕಿ ಎಷ್ಟು ಎನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯೇ ನೋಡು. ಒಂದು ಮಾತ್ರ ಬಿದ್ದಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಅಂಕಿ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು. ಟ್ಯಾಪೆಟ್ ಕೂಡ ಆಗಾಗ ನೋಡಿಸು. ಟಪಟಪ ಸದ್ದು ಮಾಡುವ ಟ್ಯಾಪೆಟ್ಟಿಗೆ ಎಲ್ಲರೂ ಹೆದರುತ್ತಾರೆ, ನಾನು ಹೆದರುವುದು ಸದ್ದೇ ಮಾಡದೆ ಬಿಗಿಯಾಗುತ್ತ ಬಂದ ಟ್ಯಾಪೆಟ್ಟಿಗೆ. ಅದು ಬಿಗಿದು ಎಕ್ಸಾಸ್ಟ್ ವಾಲ್ವು ತನ್ನ ಸೀಟಿನ ಮೇಲೆ ಪೂರ್ತಿ ಕೂರದಿದ್ದರೆ ಬಿಸಿ ಬಿಟ್ಟುಕೊಡಲಾಗದೆ ಅಂಚು ಸುಟ್ಟುಹೋಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೀರಿಂಗ್ ನಡುಗಿದರೆ ಇಂಜಿನ್ ಕೆಟ್ಟಿತೆಂದು ತಿಳಿಯಬೇಡ, ಬಹುತೇಕ ಮೌಂಟಿಂಗಿನ ರಬ್ಬರು ಕುಸಿದಿರುತ್ತದೆ. ಐಡ್ಲಿಂಗ್ ಏರುತ್ತಾ ಇಳಿಯುತ್ತಾ ಇದ್ದರೆ ಸೀಳಿದ ವ್ಯಾಕ್ಯೂಮ್ ಪೈಪು ಹುಡುಕಿಸು, ಥ್ರಾಟಲ್ ಬಾಡಿ ತೊಳೆಸು. ಬಿಚ್ಚಿದ ಹಳೆಯ ಸಾಮಾನನ್ನು ಕೈಗೆ ಕೊಟ್ಟು ತೋರಿಸುವ ಮೆಕ್ಯಾನಿಕ್ಕನ್ನು ಹಿಡಿದುಕೋ, ಅಂಥವನು ಎರಡು ಕಾಸು ಹೆಚ್ಚು ಕೇಳಿದರೂ ಕೊಡು.

ಪೆಟ್ರೋಲಿನದೊಂದು ಹೊಸ ಚಿಂತೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಈಗ ಹೆಚ್ಚೂಕಡಿಮೆ ಎಲ್ಲ ಬಂಕಿನಲ್ಲೂ ಅದೇ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ನಿನ್ನ ಗಾಡಿ ಹುಟ್ಟಿದಾಗ ಇಷ್ಟು ಎಥನಾಲನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ಕಾರುಗಳ ಮೈಲೇಜು ಶೇ 6ರಿಂದ 7ರಷ್ಟು ಇಳಿಯಬಹುದು ಎಂದಿದೆ. ಮೈಲೇಜು ಹೋದರೆ ಹೋಗಲಿ, ನನ್ನ ಅಂಜಿಕೆ ಮತ್ತೆ ರಬ್ಬರಿನದೇ. ಎಥನಾಲ್ ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಒಣಗಿಸುತ್ತದೆ. ಟ್ಯಾಂಕಿನಿಂದ ಇಂಜಿನ್‌ವರೆಗಿನ ರಬ್ಬರ್ ಪೈಪು, ಇಂಜೆಕ್ಟರಿನ ಓ-ರಿಂಗು ಇವನ್ನು ಎಥನಾಲ್ ತಡೆಯುವ ಜಾತಿಯದಕ್ಕೆ ಬದಲಿಸಲು ಹೇಳು. ಗಾಡಿಯ ಹತ್ತಿರ ಹೋದಾಗ ಪೆಟ್ರೋಲ್ ವಾಸನೆ ಬಂದರೆ ಕೀಲಿ ತಿರುಗಿಸಬೇಡ, ಮೊದಲು ಸೋರಿಕೆ ಹುಡುಕಿಸು. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡ.

ನಿಲ್ಲಿಸಿದರೂ ವಾರಕ್ಕೊಮ್ಮೆ ಓಡಿಸು. ಅಂಗಳದಲ್ಲಿ ಎರಡು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ಓಡಿಸದೆ ಇರುವುದಕ್ಕಿಂತ ಕೆಟ್ಟದ್ದು. ಕೊಪ್ಪದ ಕೊಟ್ಟಿಗೆಯಲ್ಲಿ ಇಲಿಗಳಿಗೆ ಬೆಚ್ಚನೆಯ ಇಂಜಿನ್ ಎಂದರೆ ಪ್ರೀತಿ. ವೈರು ಕಡಿದ ಗುರುತಿದೆಯೇ ಎಂದು ಬಾನೆಟ್ ಎತ್ತಿ ನೋಡಿಯೇ ಹೊರಡು. ಮಳೆಯಲ್ಲಿ ರಸ್ತೆ ಮೇಲೆ ನೀರು ನಿಂತಲ್ಲಿ ಇಂಜಿನ್ ಆರಿಹೋದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡ. ಗಾಳಿಯ ದಾರಿಯಲ್ಲಿ ನೀರು ಒಳಗೆ ಬಂದಿದ್ದರೆ ಪಿಸ್ಟನ್ನಿಗೆ ಅದನ್ನು ಅದುಮಲಾಗದು, ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಓಡಿಸುವ ಬಗೆ. ಸ್ಟಾರ್ಟ್ ಆದ ಮೇಲೆ ಅರ್ಧ ನಿಮಿಷ ಬಿಟ್ಟು ಹೊರಡು, ಕಾಯುವವರೆಗೆ ಮೆಲ್ಲಗೆ ಹೋಗು. ಮೈಲೇಜಿನ ಆಸೆಗೆ ಮೂವತ್ತರ ವೇಗಕ್ಕೇ ನಾಲ್ಕನೇ ಗೇರ್ ಹಾಕಿ ಗೊರಗುಟ್ಟಿಸುವುದು ನಮ್ಮವರ ದೊಡ್ಡ ಚಟ. ಈ ಇಂಜಿನ್ ಬಲ ಕೊಡುವುದು 3500 ಸುತ್ತಿನ ಹತ್ತಿರ. ಘಾಟಿಯಲ್ಲಿ ಎರಡನೇ ಗೇರಿಗೆ ಇಳಿಸಿ ಅದನ್ನು ಕೂಗಲು ಬಿಡು. ಆಯಿಲಿದ್ದು ಕಾದಿರುವ ಇಂಜಿನ್‌ಗೆ ಕೂಗಿನಿಂದ ಕೇಡಿಲ್ಲ, ಗೊರಗುಟ್ಟುವುದರಿಂದ ಇದೆ. ಮುಳ್ಳಯ್ಯನಗಿರಿಗೆ ಸ್ನೇಹಿತರನ್ನು ತುಂಬಿಕೊಂಡು ಹೋದಾಗ ಗಾಡಿ ಏದುಸಿರು ಬಿಟ್ಟಿತೆಂದು ಟ್ಯೂನಿಂಗಿಗೆ ದುಡ್ಡು ಸುರಿಯಬೇಡ. ಸಾವಿರ ಮೀಟರ್ ಏರಿದರೆ ಗಾಳಿ ಹತ್ತರಲ್ಲಿ ಒಂದು ಪಾಲು ತೆಳುವಾಗುತ್ತದೆ, ತಾನಾಗಿ ಗಾಳಿ ಎಳೆಯುವ ಇಂಜಿನ್‌ನ ಬಲವೂ ಅಷ್ಟೇ ಇಳಿಯುತ್ತದೆ. 1930 ಮೀಟರಿನ ಆ ಬೆಟ್ಟದ ತುದಿಯ ಹತ್ತಿರ ಐದರಲ್ಲೊಂದು ಪಾಲು ಬಲ ಇಲ್ಲವೆಂದೇ ತಿಳಿದು, ಏಸಿ ಆರಿಸಿ ಹತ್ತಿಸು.

ಕೊನೆಗೆ ಕಾಗದಪತ್ರ. ಹದಿನೈದು ವರ್ಷಕ್ಕೆ ಮುಗಿದ ಆರ್‌ಸಿಯನ್ನು 2021ರಲ್ಲಿ ಐದು ವರ್ಷಕ್ಕೆ ನವೀಕರಿಸಿದ್ದರು, ಈಗ ಮತ್ತೆ ನವೀಕರಣದ ಸಮಯ ಬಂದಿದೆ. ಚಿಕ್ಕಮಗಳೂರಿನ ಆರ್‌ಟಿಒಗೆ ಗಾಡಿ ಒಯ್ಯುವ ಮುಂಚೆ ಎಮಿಷನ್ ಟೆಸ್ಟ್ ಮಾಡಿಸುತ್ತೀಯಲ್ಲ, ಆ ಚೀಟಿಯನ್ನು ಎಸೆಯದೆ ಹಳೆಯವುಗಳ ಪಕ್ಕ ಇಟ್ಟು ಓದು. ಸಿಒ ಏರಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ, ಎಚ್‌ಸಿ ಏರಿದ್ದರೆ ಎಲ್ಲೋ ಕಿಡಿ ತಪ್ಪಿ ಪೆಟ್ರೋಲು ಸುಡದೆ ಹೊರಬೀಳುತ್ತಿದೆ. ಪ್ಲಗ್ಗು, ಪ್ಲಗ್ ವೈರು ನೋಡಿಸು. ಬೆಲ್ಟು ಮತ್ತು ಪೈಪುಗಳ ಕೆಲಸಕ್ಕೆ ಗಾಡಿಯನ್ನು ಟ್ರಕ್ಕಿನ ಮೇಲೆ ಹಾಕಿಸಿ ಶಿವಮೊಗ್ಗಕ್ಕೆ ನನ್ನ ಹತ್ತಿರವೇ ಕಳಿಸು, ಸಾಮಾನು ತರಿಸಿ ಇಟ್ಟಿರುತ್ತೇನೆ. ನೀನೂ ಬಾ, ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಬೇಕು.

ನಿನ್ನ ಮಾವ